ಇಳಕಲ್ಲಿನ ಹೌದ್ರಿ

ಸೋಮವಾರ, ೯ ಫೆಬ್ರವರಿ ೧೯೮೧

ಇವತ್ತು ಬಾದಾಮಿಯವಳು ಕೇಳಿಯೇಬಿಟ್ಟಳು.

ಮಧ್ಯಾಹ್ನದ ಊಟದ ಹೊತ್ತಿಗೆ ಇಳಕಲ್ಲಿನಲ್ಲಿ ಯಾರಿಗೂ ಫೋನು ಮಾಡುವ ಮನಸ್ಸಿರುವುದಿಲ್ಲ. ಸೀರೆ ಅಂಗಡಿಯವರು ಗಾದಿಗೆ ಒರಗಿರುತ್ತಾರೆ, ಕಲ್ಲು ಕೊಯ್ಯುವ ಕಾರ್ಖಾನೆಯವರು ಯಂತ್ರ ನಿಲ್ಲಿಸಿ ರೊಟ್ಟಿ ಬಿಚ್ಚಿರುತ್ತಾರೆ. ನಮ್ಮ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಒಂದೂ ದೀಪ ಹತ್ತುವುದಿಲ್ಲ. ಆಗ ನಾವು ಆಪರೇಟರುಗಳು ಊರಿಂದ ಊರಿಗೆ ಹರಟೆ ಹೊಡೆಯುತ್ತೇವೆ. ಮೇಲಿನವರಿಗೆ ಗೊತ್ತಾದರೆ ಬೈಗುಳ ತಪ್ಪದು, ಅದಕ್ಕೇ ತಂತಿಯ ಮೇಲೆ ಯಾರೂ ಸ್ವಂತ ಹೆಸರು ಹೇಳುವುದಿಲ್ಲ. ಹುನಗುಂದದವನು ‘ಬೆಲ್ಲ’. ಬಾಗಲಕೋಟೆಯ ಹಿರಿಯರು ‘ಗಡಿಯಾರ’. ಬಾದಾಮಿಯವಳು ‘ಮಂಗ್ಯಾ’, ಅವಳ ಊಟದ ಡಬ್ಬಿಯನ್ನು ಮಂಗ ಹೊತ್ತೊಯ್ದ ದಿನದಿಂದ. ಅವಳ ಖರೆ ಹೆಸರು ಅಲೀಮಾ, ಅದನ್ನು ನನಗೊಬ್ಬಳಿಗೇ ಹೇಳಿದ್ದಾಳೆ. ಮುಖ ಮಾತ್ರ ನಾನು ನೋಡಿಲ್ಲ.

ನಾನು ‘ಹೌದ್ರಿ’.

“ಅಲ್ಲವಾ, ಹೌದ್ರಿ ಅಂತ ಯಾಕ ಇಟ್ಕೊಂಡಿ? ಅದೇನ್ ಹೆಸರs?” ಅಂದಳು.

ಕೆಲಸಕ್ಕೆ ಸೇರಿದ ಮೊದಲ ದಿನ ‘ಇಳಕಲ್’ ಅನ್ನಬೇಕಾದಲ್ಲಿ ಗಾಬರಿಯಾಗಿ ‘ಹೌದ್ರಿ’ ಅಂದುಬಿಟ್ಟೆ, ಗಡಿಯಾರ ನಕ್ಕರು, ಅದೇ ಅಂಟಿಕೊಂಡಿತು ಅಂತ ಹೇಳಿದೆ. ಅದು ಸುಳ್ಳಲ್ಲ. ಆದರೆ ಆ ದಿನ ಬಾಯಿಗೆ ಅದೇ ಯಾಕೆ ಬಂತು ಅನ್ನುವುದನ್ನು ಹೇಳಲಿಲ್ಲ.

ಸಂಜೆ ಮನೆಗೆ ದೊಡ್ಡಪ್ಪ ಬಂದಿದ್ದರು. ಅಪ್ಪನ ಅಣ್ಣ, ಸಂಗಯ್ಯ. ಬಾಗಲಕೋಟೆಯ ಅರಳೆ ವ್ಯಾಪಾರದವರ ಮನೆಯಿಂದ ರವಿವಾರ ನನ್ನನ್ನು ನೋಡಲು ಬರುತ್ತಾರೆ, ಮನೆಯಲ್ಲಿರು ಅಂದರು. ಹೌದ್ರಿ ಅಂದೆ. ನೀಲಿ ಸೀರೆ ಬೇಡ, ಕೆಂಪು ಸೆರಗಿನದು ಉಡು ಅಂದರು. ಹೌದ್ರಿ ಅಂದೆ.

ಗುರುವಾರ, ೧೯ ಫೆಬ್ರವರಿ

ಬಂದು ನೋಡಿ ಹೋದರು. ಹುಡುಗ ಕೆಟ್ಟವನಲ್ಲ. ನೀರು ಕೊಟ್ಟಾಗ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅವರದು ಒಂದೇ ಮಾತು, ನಾನು ನೌಕರಿ ಬಿಡಬೇಕು. “ಊರಾಗಿನ ಗಂಡಸರ ದನಿ ಎಲ್ಲಾ ಕಿವ್ಯಾಗ ಹಾಕ್ಕೊಂಡು ಕುಂದ್ರೂ ಸೊಸಿ ನಮಗ ಒಗ್ಗೂದಿಲ್ರಿ,” ಅಂದರಂತೆ ಹುಡುಗನ ತಾಯಿ.

ಇವತ್ತು ದೊಡ್ಡಪ್ಪ ಅಪ್ಪನನ್ನು ಕೇಳಿದರು. ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ದೀಪಾವಳಿಯ ಮರುದಿನ ಅಪ್ಪ ಮಗ್ಗದ ಕುಣಿಯಲ್ಲಿ ಕೂತಲ್ಲೇ ಒಂದು ಬದಿಗೆ ವಾಲಿದ್ದ. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದೇ ಒಂದು ಉಳಿಯಿತು. ‘ಹೌದ್ರಿ’. ದವಾಖಾನೆಯ ಡಾಕ್ಟರರು ಹೀಗೂ ಆಗುವುದುಂಟು ಅಂದರು. ಒಳಗೆ ಎಲ್ಲ ತಿಳಿಯುತ್ತದಂತೆ, ಬಾಯಿಗೆ ಬರುವುದು ಅದೊಂದೇ. ತಲೆ ಅಲ್ಲಾಡಿಸಲು ಹೋದರೆ ಕತ್ತು ತಾನೇ ಒಂದು ಕಡೆಗೆ ಜಾರುತ್ತದೆ, ಅದು ಹೂಂ ಅಂದದ್ದೋ ಉಹೂಂ ಅಂದದ್ದೋ ಯಾರಿಗೂ ಗೊತ್ತಾಗುವುದಿಲ್ಲ.

ದೊಡ್ಡಪ್ಪ ಅಪ್ಪನ ಹಾಸಿಗೆಯ ಪಕ್ಕದಲ್ಲಿ ಕೂತು ಕೇಳಿದರು: “ಬಸಯ್ಯಾ, ಬಾಗಲಕೋಟಿ ಸಂಬಂಧ ಪಸಂದ ಬಂತೇನು?”

“ಹೌದ್ರಿ.”

“ನೋಡವಾ ಶಿವಲಿಂಗವ್ವಾ, ಅವನ ಬಾಯಿಂದನ ಬಂತು.”

ಅವ್ವ ಮೆಲ್ಲಗೆ ಅಂದಳು: “ಮಜ್ಜಗಿ ಬೇಕೇನು ಅಂದ್ರೂ ಹಂಗs ಅಂತಾರ್ರಿ ಭಾವಾ. ಬ್ಯಾಡೇನು ಅಂದ್ರೂ ಹಂಗs ಅಂತಾರ.”

“ಮಜ್ಜಗಿ ಬ್ಯಾರೆ, ಮಗಳು ಬ್ಯಾರೆ. ಮಗಳ ಮಾತು ಬಂದಾಗ ಯಾವ ತಂದಿನೂ ಸುಮ್ಮಸುಮ್ಮಕ ಹೌದು ಅನ್ನೂದಿಲ್ಲ.”

ನಮ್ಮವರಲ್ಲಿ ತಂದೆಯ ಬಾಯಿಂದ ಹೌದು ಬಂದರೆ ಮಾತು ಕೊಟ್ಟ ಹಾಗೆ. ದೊಡ್ಡಪ್ಪ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುತ್ತಿಲ್ಲ. ತಮ್ಮನ ಒಂದೇ ಒಂದು ಮಾತನ್ನು ನಂಬದಿದ್ದರೆ ತಮ್ಮನೇ ಇಲ್ಲದಂತೆ ಅಂತ ಅವರಿಗೆ ಭಯ. ನನಗೂ ಅದೇ ಭಯ. ಅಪ್ಪ ಖರೆ ಒಪ್ಪಿದ್ದರೆ ನಾನು ನೌಕರಿ ಬಿಟ್ಟು ಬಾಗಲಕೋಟೆಗೆ ಹೋಗುತ್ತೇನೆ. ಒಪ್ಪಿಲ್ಲದಿದ್ದರೆ ಹೋಗಲಾರೆ. ಅಪ್ಪ ಏನೆಂದ ಅಂತ ಯಾರನ್ನು ಕೇಳಲಿ?

ನನ್ನನ್ನೂ ಕೇಳಿದರು, ಆಗಬಹುದೇನವಾ ಅಂತ. ಹೌದ್ರಿ ಅಂದೆ.

ಶನಿವಾರ, ೨೧ ಫೆಬ್ರವರಿ

ಮಧ್ಯಾಹ್ನ ಬೋರ್ಡಿನ ಮುಂದೆಯೇ ಕಣ್ಣು ಹತ್ತಿತು. ಕನಸಿನಲ್ಲಿ ಅಪ್ಪ ತಂತಿಯ ಕಂಬಗಳ ಸಾಲಿನಲ್ಲಿ ನಡೆದು ಹೋಗುತ್ತಿದ್ದ, ಕಾಲು ನೆಟ್ಟಗಿತ್ತು. ಪ್ರತಿ ಕಂಬಕ್ಕೂ ಕಿವಿ ಹಚ್ಚಿ ಕೇಳುತ್ತಿದ್ದ. ಏನು ಕೇಳಿಸ್ತದಪ್ಪಾ ಅಂದೆ. ನನ್ನ ಕಡೆ ತಿರುಗಿ ಉದ್ದಕ್ಕೆ ಏನೋ ಹೇಳಿದ, ಪೂರಾ ಮಾತುಗಳಲ್ಲಿ, ನಡುನಡುವೆ ನಗುತ್ತ. ಎಚ್ಚರವಾದಾಗ ಒಂದೂ ನೆನಪಿರಲಿಲ್ಲ. ಸೀರೆ ಅಂಗಡಿಯವರೊಬ್ಬರ ದೀಪ ಹತ್ತಿ ಎಷ್ಟು ಹೊತ್ತಾಗಿತ್ತೋ, ಸಿಟ್ಟಿಗೆದ್ದಿದ್ದರು.

ಮಂಗಳವಾರ, ೩ ಮಾರ್ಚ್

ಅಲೀಮಾಳಿಗೆ ಇವತ್ತು ನನ್ನ ಹೆಸರಿನ ಕಥೆ ಪೂರ್ತಿ ಹೇಳಿದೆ. ಪೂರ್ತಿ ಅಂದರೆ ಮುಕ್ಕಾಲು.

ಅಮಾವಾಸ್ಯೆಗೆ ನಮ್ಮ ಓಣಿಯ ಮಗ್ಗಗಳೆಲ್ಲ ಸುಮ್ಮನಿರುತ್ತವೆ. ನಾನು ಸಣ್ಣವಳಿದ್ದಾಗ ಆ ದಿನ ನೇಕಾರರು ಕಟ್ಟೆಯ ಮೇಲೆ ಪರದೆ ಕಟ್ಟಿ ನಾಟಕ ಆಡುತ್ತಿದ್ದರು. ನಡುವೆ ಜನ ಎದ್ದು ಹೋಗಬಾರದೆಂದು ಒಂದು ನಗೆಯ ಪ್ರಸಂಗ ಇರುತ್ತಿತ್ತು. ಅದನ್ನು ಕಟ್ಟಿದವನು ಅಪ್ಪ, ಅದರಲ್ಲಿ ಆಳಾಗಿ ಆಡಿದವನೂ ಅಪ್ಪ. ಗೌಡ ತನ್ನ ಹೊಸ ಆಳಿಗೆ ಹೇಳುತ್ತಾನೆ: “ಯಾರ್ ಏನ್ ಕೇಳಿದ್ರೂ ಹೌದ್ರಿ ಅನಬೇಕು. ತಿರುಗಿ ಮಾತಾಡಿದ್ರ ನೋಡು.” ಅಂದವನು ಒಳಗೆ ಹೋಗಿ ಮಲಗುತ್ತಾನೆ. ಯಾರೋ ಬರುತ್ತಾರೆ.

“ಗೌಡ್ರು ಮಲಗ್ಯಾರೇನು?”

“ಹೌದ್ರಿ.”

“ಯಾಕ, ಮೈಯಾಗ ಆರಾಮಿಲ್ಲೇನು?”

“ಹೌದ್ರಿ.”

“ಭಾಳ ಜಡ್ಡೇನು?”

“ಹೌದ್ರಿ.”

“ಅಯ್ಯ ನನ್ ಶಿವನ! ಹೋಗೇಬಿಟ್ರೇನು?”

“ಹೌದ್ರಿ!”

ಊರೆಲ್ಲ ಕೂಡುತ್ತದೆ, ಹೆಂಗಸರು ಹಾಡಿ ಅಳುತ್ತಾರೆ, ಗದ್ದಲಕ್ಕೆ ಗೌಡ ಎದ್ದು ಬಂದು ಆಳಿನ ಅಂಗಿ ಹಿಡಿಯುತ್ತಾನೆ. “ಲೇ, ನಾ ಸತ್ತೇನೇನಲೇ?” “ಹೌದ್ರಿ.” “ಹಂಗಾರ ನಿನ್ ಮುಂದ ನಿಂತಾಂವ ಯಾರು, ದೆವ್ವೇನಲೇ?” “ಹೌದ್ರಿ!” ಅಳುತ್ತಿದ್ದವರೆಲ್ಲ ಎದ್ದುಬಿದ್ದು ಓಡುತ್ತಾರೆ. ಆಟ ಅಷ್ಟೇ.

ಆದರೆ ಅಪ್ಪ ಒಂದು ಸಲ ಅಂದಂತೆ ಇನ್ನೊಂದು ಸಲ ಅನ್ನುತ್ತಿರಲಿಲ್ಲ. ಒಂದರಲ್ಲಿ ಹೆದರಿಕೆ, ಒಂದರಲ್ಲಿ ಬೇಸರ, ಒಂದರಲ್ಲಿ ‘ನಿನಗ್ಯಾಕೆ ಬೇಕು ಇದೆಲ್ಲ’. ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಸಾಲೆಯಲ್ಲಿ ನನ್ನನ್ನು ಗುರುಲಿಂಗವ್ವ ಅಂತ ಯಾರೂ ಕರೆಯಲಿಲ್ಲ, ಹೌದ್ರಿಯ ಮಗಳು ಅಂತಲೇ ಕರೆದರು. ನನಗೆ ಅದು ಭಾಳ ಹೆಮ್ಮೆ.

ಅಲೀಮಾ ನಕ್ಕೂ ನಕ್ಕೂ ಕೆಮ್ಮಿದಳು. ಇನ್ಯಾರೋ ಕೆಮ್ಮಿದ್ದೂ ಕೇಳಿಸಿತು, ಗಡಿಯಾರ ಕದ್ದು ಕೇಳುತ್ತಿದ್ದರು.

“ನಿಮ್ಮಪ್ಪಾರು ಈಗೂ ಹಂಗs ಅಂತಾರೇನs?” ಅಂದಳು ಅಲೀಮಾ.

ಕಾಲ್ ಬಂತು ಅಂತ ಹೇಳಿ ತಂತಿ ಕಿತ್ತೆ. ಯಾವ ಕಾಲೂ ಬಂದಿರಲಿಲ್ಲ.

ಶನಿವಾರ, ೨೧ ಮಾರ್ಚ್

ಬಾಗಲಕೋಟೆಯಲ್ಲಿ ಹೋಳಿ. ಗಡಿಯಾರ ಸಣ್ಣ ಹುಡುಗರ ಹಾಗೆ ಹುರುಪಿನಲ್ಲಿದ್ದರು. “ಕಿವಿ ಇಡ್ರಿ ಎಲ್ಲಾರೂ,” ಅಂದು ರಿಸೀವರನ್ನು ಕಿಟಕಿಯ ಹೊರಗೆ ಹಿಡಿದರು. ಹಲಗೆ ಬಾರಿಸುವ ಸದ್ದು ತಂತಿಯೊಳಗೆ ಹರಿದು ಬಂತು. ಬೀದಿಯಲ್ಲಿ ಅದು ಎದೆಗೆ ಗುದ್ದುತ್ತದೆ. ತಂತಿಯಲ್ಲಿ ಬಂದದ್ದು ತೆಳ್ಳಗೆ, ಬಣ್ಣವಿಲ್ಲದೆ, ಎಲ್ಲೋ ನೀರಿನ ಆಚೆ ಬಾರಿಸಿದ ಹಾಗಿತ್ತು. ಇಳಕಲ್, ಹುನಗುಂದ, ಬಾದಾಮಿ ಮೂರೂ ಊರಿನವರು ಉಸಿರು ಹಿಡಿದು ಕೇಳಿದೆವು. ಕಣ್ಣು ಮುಚ್ಚಿದರೆ ಬಾಗಲಕೋಟೆಯ ಕೆಂಪು ನೀರೆಲ್ಲ ತಂತಿಗುಂಟ ಹನಿಹನಿಯಾಗಿ ಇಳಿದು ಬರುತ್ತಿತ್ತು, ನನ್ನ ಮಡಿಲಿಗೆ ಬಿತ್ತು. ಆ ಊರಿಗೇ ನನ್ನನ್ನು ಕೊಡುತ್ತಾರೆ ಅನ್ನುವುದು ಆಮೇಲೆ ನೆನಪಾಯಿತು.

ಸಂಜೆ ಸೂಪರ್‌ವೈಸರರು ಇನ್ನೊಂದು ಪಾಳಿಯನ್ನೂ ನೀನೇ ಮಾಡಿಬಿಡವಾ ಅಂದರು. ಆಗೂದಿಲ್ರಿ ಅಂದೆ. ಅವರು ಕನ್ನಡಕ ತೆಗೆದು ನೋಡಿದರು. ತಲೆ ನೋಯುತ್ತಿತ್ತು, ಅದಕ್ಕೇ ಇರಬೇಕು.

ಗುರುವಾರ, ೨೬ ಮಾರ್ಚ್

ದೊಡ್ಡಪ್ಪ ದಿನ ಗೊತ್ತು ಮಾಡಿದರು. ಯುಗಾದಿಯಾದ ಮೇಲಿನ ರವಿವಾರ ಸಕ್ಕರೆ ಶಾಸ್ತ್ರ. ಹಿರಿಯರ ಮುಂದೆ ತಂದೆಯನ್ನು ಕೇಳುವುದು, ತಂದೆ ಹೌದು ಅನ್ನುವುದು, ಎಲ್ಲರ ಬಾಯಿಗೂ ಸಕ್ಕರೆ. ಆಮೇಲೆ ತಿರುಗಿ ನೋಡುವ ಹಾಗಿಲ್ಲ.

ಗಡಿಯಾರ ಇವತ್ತು ಛೇಡಿಸಿದರು: “ಯಾಕವಾ, ಇತ್ತಿತ್ಲಾಗ ನಿನ್ ಹೆಸರು ನಿನ್ ಬಾಯಾಗ ಬರವಲ್ದು?” ಏನು ಹೇಳಿದರೋ ತಿಳಿಯಲಿಲ್ಲ. ಅವರಿಗೆ ಹೋಳಿಯ ಅಮಲು ಇನ್ನೂ ಇಳಿದಿಲ್ಲ.

ಸೋಮವಾರ, ೩೦ ಮಾರ್ಚ್

ನಿನ್ನೆ ಶಿವಯೋಗ ಮಂದಿರಕ್ಕೆ ಹೋಗಿದ್ದೆವು. ಅಪ್ಪನನ್ನು ಅಲ್ಲಿ ಮಲಪ್ರಭೆಯ ನೀರಿಗೆ ಇಳಿಸುತ್ತೇನೆಂದು ಅವ್ವ ಬೇಡಿಕೊಂಡಿದ್ದಳು. ಪಕ್ಕದ ಮನೆಯ ಮಲೀಕಸಾಬರು ತಮ್ಮ ಟೆಂಪೋದ ಹಿಂದೆ ಹಾಸಿಗೆ ಹಾಕಿ ಅಪ್ಪನನ್ನು ಮಲಗಿಸಿಕೊಂಡರು. ದಾರಿಯುದ್ದಕ್ಕೂ ಅಪ್ಪ ಆಕಾಶ ನೋಡುತ್ತಿದ್ದ, ನಾನು ಕಂಬಗಳನ್ನು ನೋಡುತ್ತಿದ್ದೆ. ದಿನಾಲೂ ನನ್ನ ಮಾತು ಹೋಗುವ ದಾರಿಯಲ್ಲಿ ನಾನೇ ಹೋಗುತ್ತಿದ್ದೇನೆ ಅನ್ನಿಸಿ ಒಂಥರಾ ಹಗುರವಾಯಿತು.

ಹೊಳೆ ತೆಳ್ಳಗೆ ಹರಿಯುತ್ತಿತ್ತು. ದಂಡೆಯಲ್ಲಿ ಕೂಡಿಸಿ ಕಾಲು ನೀರಿಗೆ ಬಿಟ್ಟಾಗ ಅಪ್ಪ “ಹೌದ್ರಿ” ಅಂದ. ತಣ್ಣಗೆ, ಉದ್ದಕ್ಕೆ. ಯಾರೂ ಏನೂ ಕೇಳಿರಲಿಲ್ಲ. ಅವ್ವ ಸೆರಗಿನಿಂದ ಅವನ ಪಾದ ಒರೆಸುತ್ತ ಅತ್ತಳು. ನಾನು ಸಣ್ಣ ಮೀನುಗಳು ಅವನ ಬೆರಳಿಗೆ ಬಂದು ಮುಟ್ಟಿ ಹೋಗುವುದನ್ನು ಎಷ್ಟೋ ಹೊತ್ತು ನೋಡಿದೆ. ಬಲಗಾಲಿಗೂ ಮುಟ್ಟಿದವು, ಅವಕ್ಕೆ ಭೇದವಿರಲಿಲ್ಲ.

ಬರುವಾಗ ಬಾದಾಮಿಯಲ್ಲಿ ಟೆಂಪೋ ನಿಲ್ಲಿಸಿದೆವು. ಅಲೀಮಾಳಿಗೆ ರವಿವಾರದ ಪಾಳಿ ಇರುತ್ತದೆಂದು ಗೊತ್ತಿತ್ತು. ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು ಕೂಗಿದೆ. ಒಳಗಿಂದ ಒಬ್ಬ ದಪ್ಪನೆಯ, ಗಿಡ್ಡ ಹೆಂಗಸು ಬಂದಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ತೆಳ್ಳಗೆ ಎತ್ತರದವಳೊಬ್ಬಳ ಜೊತೆ ಇಷ್ಟು ದಿನ ಮಾತಾಡಿದ್ದೆ. ಇಬ್ಬರೂ ಪಿಳಿಪಿಳಿ ನೋಡಿದೆವು.

“ಹೌದ್ರಿ?” ಅಂದಳು.

“ಮಂಗ್ಯಾ?” ಅಂದೆ.

ದನಿ ಕೇಳಿದ್ದೇ ತಡ ನನ್ನನ್ನು ತಬ್ಬಿಕೊಂಡಳು. ಅವಳ ಮೈಗೆ ನೀಲಗಿರಿ ಎಣ್ಣೆಯ ವಾಸನೆ.

ಉಳಿದ ಕಾಲುಭಾಗ ಕಥೆಯನ್ನು ಅಲ್ಲಿ ಹೇಳಿದೆ. ಹೇಳುವುದೇನು, ಟೆಂಪೋದ ಹತ್ತಿರ ಕರೆದುಕೊಂಡು ಹೋದೆ ಅಷ್ಟೇ. ಅಲೀಮಾ ಅಪ್ಪನಿಗೆ ಸಲಾಮು ಮಾಡಿದಳು. “ಹೆಂಗದೀರಿ ಚಾಚಾ?”

“ಹೌದ್ರಿ.”

ಅವಳಿಗೆ ಎಲ್ಲ ಗೊತ್ತಾದದ್ದು ಮುಖದಲ್ಲೇ ಕಂಡಿತು. ಅವತ್ತು ನಾನು ತಂತಿ ಯಾಕೆ ಕಿತ್ತೆ ಅನ್ನುವುದೂ ಗೊತ್ತಾಯಿತು. “ನಮ್ಮೂರ ಮಂಗ್ಯಾಗೋಳು ಡಬ್ಬಿ ಒಯ್ದಾವೇನ್ರಿ?” ಅಂದಳು. “ಹೌದ್ರಿ” ಅಂದ ಅಪ್ಪ. “ಬಿಸಲು ಭಾಳ ಐತೇನ್ರಿ?” “ಹೌದ್ರಿ.” ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು, ತಂತಿಯಲ್ಲಿ ದೂರದ ಮಾತು ಮಸುಕಾದಾಗ ನಾವು ಕೇಳುವ ರೀತಿ.

“ಎರಡ್ನೇದ್ದು ಬರೇ ಹೌದು ಅಲ್ಲ ನೋಡವಾ,” ಅಂದಳು ನನಗೆ. “ನೀರ್ ಬೇಕಂತಾರ.”

ಕೊಟ್ಟೆವು. ಗಟಗಟ ಕುಡಿದ.

ನನಗೆ ನಾಚಿಕೆಯಾಯಿತು. ಹಗಲೆಲ್ಲ ದನಿ ಕೇಳುವುದೇ ನನ್ನ ಕೆಲಸ, ಮನೆಯಲ್ಲಿ ಮಾತ್ರ ಶಬ್ದ ಕೇಳುತ್ತಿದ್ದೆ. ಸಕ್ಕರೆ ಶಾಸ್ತ್ರದ ಸುದ್ದಿ ಹೇಳಿದೆ. “ಅಪ್ಪ ಅವತ್ತು ಯಾವ ಹೌದ್ರಿ ಅಂದನೋ ನನಗ ನೆನಪಿಲ್ಲ,” ಅಂದೆ.

“ನೀ ಯಾವ್ದು ಅಂದಿದ್ದಿ?” ಅಂದಳು ಅಲೀಮಾ.

ಬೋರ್ಡಿನಲ್ಲಿ ದೀಪ ಹತ್ತಿರಬೇಕೆಂದು ಒಳಗೆ ಓಡಿದಳು. ಹಿಂದಿನ ಕೆಂಪು ಗುಡ್ಡದ ನೆರಳು ಓಣಿಯೊಳಗೆ ಇಳಿದಿತ್ತು. ಊರು ತಲುಪುವ ತನಕ ಅಪ್ಪನ ಕೈ ಹಿಡಿದುಕೊಂಡು ಕೂತಿದ್ದೆ.

ರವಿವಾರ, ೫ ಏಪ್ರಿಲ್

ಯುಗಾದಿ. ಬೇವು ಕೊಟ್ಟಾಗ ಅಪ್ಪ ಅಂದ ಹೌದ್ರಿ ಬೈಗುಳ, ಬೆಲ್ಲ ಕೊಟ್ಟಾಗ ಅಂದದ್ದು ಇನ್ನಷ್ಟು ತಾ. ಅವ್ವನಿಗೆ ಹೇಳಿದೆ. ಅವಳು, “ನನಗ್ಯಾಕ ಹೇಳ್ತಿ, ನಾ ಇಪ್ಪತ್ತೆಂಟು ವರ್ಷ ಆತು ಕೇಳಾಕ ಹತ್ತಿ,” ಅಂದಳು. ಹಾಗಾದರೆ ಬಾಗಲಕೋಟೆಗೆ ಅಂದದ್ದು ಯಾವುದವ್ವಾ ಅಂದೆ. ಒಲೆಯ ಕಡೆ ತಿರುಗಿದಳು. “ನಿಮ್ಮ ದೊಡ್ಡಪ್ಪಗ ಹುಟ್ಟಿದಾಗಿಂದ ಎದುರಾಡಿಲ್ಲ ನಿಮ್ಮಪ್ಪ. ಮಾತಿದ್ದಾಗs ಆಡಿಲ್ಲ,” ಅಂದಳು.

ಬುಧವಾರ, ೮ ಏಪ್ರಿಲ್

ರಾಜೀನಾಮೆ ಬರೆದು ಕೊಡು ಅಂತ ದೊಡ್ಡಪ್ಪ ಹೇಳಿಕಳಿಸಿದ್ದಾರೆ. ಹಾಳೆ ಸಿಗಲಿಲ್ಲ ಅಂತ ಹೇಳಿಕಳಿಸಿದೆ.

ಇವತ್ತು ಭಾಳ ಬಿಸಿಲು. ತಂತಿಯೆಲ್ಲ ಜೋತುಬಿದ್ದು ಮಾತುಗಳು ಒಂದಕ್ಕೊಂದು ಬೆರೆಯುತ್ತಿದ್ದವು. ರಾಮಥಾಳದ ಕಡೆಯ ಒಬ್ಬ ರೈತ ಪಂಪಿನ ಸಾಮಾನು ಕೇಳುತ್ತಿದ್ದ, ಅವನ ಮಾತಿನೊಳಗೆ ಯಾರದೋ ಕೂಸಿನ ಅಳು ಸೇರಿಕೊಂಡಿತ್ತು. ಕೂಸು ಯಾವ ಊರಿನದೋ ಗೊತ್ತಾಗಲಿಲ್ಲ. ತಂತಿ ಕೀಳದೆ ಸ್ವಲ್ಪ ಹೊತ್ತು ಕೇಳಿದೆ, ಯಾರೋ ಎತ್ತಿಕೊಂಡರು, ಅಳು ನಿಂತಿತು.

ಸೋಮವಾರ, ೧೩ ಏಪ್ರಿಲ್

ನಿನ್ನೆ ಬರೆಯಲು ಆಗಲಿಲ್ಲ.

ಬಾಗಲಕೋಟೆಯವರು ಜೀಪಿನಲ್ಲಿ ಬಂದರು. ಪಡಸಾಲೆಯ ತುಂಬ ಜಮಖಾನೆ. ಅಪ್ಪನನ್ನು ಗೋಡೆಗೆ ದಿಂಬು ಕೊಟ್ಟು ಕೂಡಿಸಿದ್ದೆವು, ತಲೆಗೆ ಹೊಸ ರುಮಾಲು, ಹಣೆಗೆ ವಿಭೂತಿ. ಚೆಂದ ಕಾಣುತ್ತಿದ್ದ. ನಾನು ನೀಲಿ ಸೀರೆ ಉಟ್ಟಿದ್ದೆ, ಕೆಂಪು ಸೆರಗಿನದು ಕೈಗೆ ಸಿಗಲಿಲ್ಲ. ಹಿತ್ತಾಳೆಯ ತಟ್ಟೆಯಲ್ಲಿ ಸಕ್ಕರೆ ಬಂತು.

ಹುಡುಗನ ತಂದೆ ಕೈಮುಗಿದು ಕೇಳಿದರು: “ಬಸಯ್ಯನೋರ, ಹಿರೇರೆಲ್ಲಾ ಕೂತಾರ. ನಿಮ್ಮ ಮಗಳನ್ನ ನಮ್ಮನಿಗಿ ಕೊಟ್ಟೀರೇನ್ರಿ?”

ನಾನು ಕಣ್ಣು ಮುಚ್ಚಿದೆ. ಯಾವ ಹೌದ್ರಿ ಬರುತ್ತದೋ ಕೇಳಬೇಕು, ಆಮೇಲೆ ಏನಾದರೂ ಆಗಲಿ ಅಂದುಕೊಂಡಿದ್ದೆ.

ಏನೂ ಕೇಳಿಸಲಿಲ್ಲ.

ಕಣ್ಣು ತೆರೆದೆ. ಅಪ್ಪ ಬಾಯಿ ಮುಚ್ಚಿಕೊಂಡಿದ್ದ. ಸೊಟ್ಟಗಾಗಿ ಯಾವಾಗಲೂ ಒಂದು ಮೂಲೆಯಲ್ಲಿ ತೆರೆದೇ ಇರುವ ಬಾಯಿ ಅದು. ಅದನ್ನು ಎಡಗೈ ಬೆರಳುಗಳಿಂದ ಒತ್ತಿ ಹಿಡಿದಿದ್ದ.

“ಬಸಯ್ಯಾ, ಕೇಳಿಸ್ತೇನೋ? ಬಾಗಲಕೋಟಿಯವರು ಕೇಳಾಕತ್ತಾರ,” ಅಂದರು ದೊಡ್ಡಪ್ಪ. ಮತ್ತೆ ಕೇಳಿದರು. ಅಪ್ಪನ ಗಂಟಲೊಳಗೆ ಮಾತು ಏಳುವುದು ನನಗೆ ಕಾಣುತ್ತಿತ್ತು, ಏನು ಕೇಳಿದರೂ ತಾನಾಗಿ ಏಳುವ ಮಾತು ಅದು. ಅವನು ಅದನ್ನು ನುಂಗಿದ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು. ಬೆರಳು ತೆಗೆಯಲಿಲ್ಲ.

“ಇರ್ಲಿ, ಜಡ್ಡಿನ ಮನಷ್ಯಾ,” ಅಂದು ದೊಡ್ಡಪ್ಪ ಚಿಟಿಕೆ ಸಕ್ಕರೆ ತೆಗೆದುಕೊಂಡು ಅವನ ಬೆರಳು ಸರಿಸಿ ಬಾಯಿಗೆ ಇಡಲು ಹೋದರು. ಅಪ್ಪ ಬೆರಳನ್ನು ಮತ್ತೆ ಒತ್ತಿಕೊಂಡ, ತುಟಿ ಬಿಚ್ಚಲಿಲ್ಲ. ಸಕ್ಕರೆ ಗಡ್ಡಕ್ಕೆ, ಎದೆಗೆ, ಹೊಸ ಧೋತರಕ್ಕೆ ಉದುರಿತು.

ನಾನು ಎದ್ದು ನಿಂತೆ. “ಬ್ಯಾಡ ಅಂದಾನ್ರಿ ಅಪ್ಪ. ನಾನೂ ಬ್ಯಾಡ ಅಂತೇನಿ.”

“ಅಂವ ಎಲ್ಲಿ ಏನ್ ಅಂದಾನವಾ? ಬಾಯಿನs ತಗದಿಲ್ಲ,” ಅಂದರು ದೊಡ್ಡಪ್ಪ.

“ತಗದಿಲ್ಲಲ್ರಿ ದೊಡ್ಡಪ್ಪಾ. ಅದs ಅಂವ ಅಂದದ್ದು.”

ಹುಡುಗನೇ ಮೊದಲು ಎದ್ದ. ಅಪ್ಪನ ಕಾಲು ಮುಟ್ಟಿ, “ಬರ್ತೇವ್ರಿ” ಅಂದ. ಒಳ್ಳೆಯವನು. ಎಲ್ಲಾದರೂ ಚೆನ್ನಾಗಿರಲಿ. ಅವನ ತಾಯಿ ಸೆರಗು ಕೊಡವಿ ಹೋದಳು.

ಜೀಪಿನ ಸದ್ದು ಬಸ್‌ಸ್ಟ್ಯಾಂಡಿನ ಕಡೆ ಪೂರಾ ಕರಗುವ ತನಕ ಅಪ್ಪ ಬಾಯಿ ಬಿಡಲಿಲ್ಲ. ಆಮೇಲೆ ಬೆರಳು ತೆಗೆದ. ತೆಗೆದದ್ದೇ ತಡ ಒಂದರ ಮೇಲೊಂದು ಹೌದ್ರಿ ಹೊರಬಿದ್ದವು, ಕಟ್ಟಿ ಹಿಡಿದದ್ದೆಲ್ಲ, ಅಳುತ್ತ, ನಗುತ್ತ, ಉಸಿರು ತೆಗೆದುಕೊಳ್ಳಲೂ ಬಿಡದ ಹಾಗೆ. ಅವ್ವ ಬೆನ್ನು ಸವರಿದಳು.

ದೊಡ್ಡಪ್ಪ ಕಂಬಕ್ಕೊರಗಿ ಕೂತಿದ್ದರು. ಮುಖ ಸಣ್ಣದಾಗಿತ್ತು. ತಮ್ಮನನ್ನು ಕೇಳಿದರು: “ನನ್ ಮ್ಯಾಲ ಸಿಟ್ಟು ಬಂದೈತೇನಲೇ?”

“ಹೌದ್ರಿ.”

ಅದು ಖರೆ ಹೌದು. ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

“ನಿನ್ ಬಾಯಾಗ ನನ್ ಮಾತು ತುರುಕಿದೆ ಅಂತೀಯೇನು?”

“ಹೌದ್ರಿ.”

ದೊಡ್ಡಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಹಂಗಾರ ನಾ ಇನ್ ಮ್ಯಾಲ ಈ ಮನಿಗಿ ಬರಬಾರದೇನಲೇ, ಬಸ್ಯಾ?”

ಅಪ್ಪನ ಎಡಗೈ ಗಡಬಡಿಸಿ ಮೇಲಕ್ಕೆದ್ದು ಬಾಯಿ ಮುಚ್ಚಿತು.

ದೊಡ್ಡಪ್ಪ ಅತ್ತರು. ಅವ್ವ ಒಳಗಿಂದ ಎರಡು ತಾಟು ತಂದಳು, ಅಣ್ಣನಿಗೊಂದು, ತಮ್ಮನಿಗೊಂದು. ಅಪ್ಪನಿಗೆ ನಿನ್ನೆ ದೊಡ್ಡಪ್ಪನೇ ತುತ್ತು ಮಾಡಿ ಉಣ್ಣಿಸಿದರು.